ದಂಡನಾಯಕರ ಮನೆಯಲ್ಲಿ ಹುಟ್ಟಿದ ತರಂಗ

ಫ್ರಾನ್ಸಿನ ನಾರ್ಮಂಡಿ ಸೀಮೆಯ ಶಾಂಬ್ರೆ ಎಂಬ ಊರಿಗೆ 1742ರಲ್ಲಿ ಹೆಸರು ಬದಲಾಯಿತು. ದೊರೆ ಹದಿನೈದನೆಯ ಲೂಯಿ ಆ ವರ್ಷ ತನ್ನ ದಂಡನಾಯಕ ಫ್ರಾನ್ಸ್ವಾ-ಮರಿಗೆ ವಂಶಪಾರಂಪರ್ಯವಾದ ಡ್ಯೂಕ್ ಪದವಿ ಕೊಟ್ಟ. ಡ್ಯೂಕ್ ಎನಿಸಿಕೊಳ್ಳಲು ಒಂದು ಸೀಮೆ ಬೇಕು. ದಂಡನಾಯಕನ ಒಡೆತನದಲ್ಲಿದ್ದ ಶಾಂಬ್ರೆಯೇ ಆ ಸೀಮೆಯಾಯಿತು, ಒಡೆಯನ ಮನೆತನದ ಹೆಸರೇ ಊರಿಗೂ ನಿಂತಿತು. ಆ ಹೆಸರು ಡಿ ಬ್ರಾಗ್ಲಿ. ಫ್ರೆಂಚರ ಬಾಯಲ್ಲಿ ಅದು ‘ಬ್ರೋಯ್’ ಎಂಬಂತೆ ಕೇಳಿಸುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದ ಕನ್ನಡಿಗರಿಗೆ ‘ಡಿ ಬ್ರಾಗ್ಲಿ ತರಂಗಾಂತರ’ವೇ ರೂಢಿಯಾದ್ದರಿಂದ ಇಲ್ಲಿಯೂ ಅದನ್ನೇ ಇಟ್ಟುಕೊಂಡಿದ್ದೇನೆ. ಆ ಸೂತ್ರ ಕೊಟ್ಟ ಲೂಯಿ ಡಿ ಬ್ರಾಗ್ಲಿ ಈ ಪದವಿಯ ಏಳನೆಯ ವಾರಸುದಾರರು.

ಮನೆತನದ ಬೇರು ಇರುವುದು ಇಟಲಿಯ ಪೀಡ್‌ಮಾಂಟ್‌ನಲ್ಲಿ, ಕಿಯೆರಿ ಎಂಬ ಪಟ್ಟಣದಲ್ಲಿ. 17ನೆಯ ಶತಮಾನದಲ್ಲಿ ಫ್ರಾನ್ಸಿನ ಸೈನ್ಯ ಸೇರಿದ ಇವರ ಪೂರ್ವಿಕ 1656ರಲ್ಲಿ ವಾಲೆಂಜಾ ಕೋಟೆಯ ಮುತ್ತಿಗೆಯಲ್ಲಿ ಮಡಿದ. ಅವನ ಮಗ, ಮೊಮ್ಮಗ, ಮರಿಮಗ ಮೂವರೂ ಫ್ರಾನ್ಸಿನ ಮಾರ್ಷಲ್‌ಗಳಾದರು. ಸೈನ್ಯದ ಅತ್ಯುಚ್ಚ ಗೌರವ ಸತತ ಮೂರು ತಲೆಮಾರು ಒಂದೇ ಮನೆಗೆ ಬಂತು. ಮೂರನೆಯವನಾದ ವಿಕ್ಟರ್-ಫ್ರಾನ್ಸ್ವಾ 1759ರಲ್ಲಿ ಫ್ರಾಂಕ್‌ಫರ್ಟ್ ಬಳಿಯ ಬೆರ್ಗೆನ್ ಕಾಳಗ ಗೆದ್ದಾಗ, ಮಿತ್ರಪಕ್ಷದಲ್ಲಿದ್ದ ಪವಿತ್ರ ರೋಮನ್ ಚಕ್ರವರ್ತಿ ಸಂತೋಷಪಟ್ಟು ಅವನಿಗೂ ಅವನ ಸಂತತಿಗೂ ಪ್ರಿನ್ಸ್ ಪದವಿ ಕೊಟ್ಟ. ಅಂದಿನಿಂದ ಮನೆಯ ಯಜಮಾನ ಡ್ಯೂಕ್, ಉಳಿದವರು ಪ್ರಿನ್ಸ್ ಮತ್ತು ಪ್ರಿನ್ಸೆಸ್.

ಇಷ್ಟೇ ಆಗಿದ್ದರೆ ಈ ಮನೆತನದ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಯುದ್ಧ ಗೆದ್ದು ಪದವಿ ಪಡೆದ ಮನೆಗಳು ಯುರೋಪಿನ ತುಂಬ ಇದ್ದವು. ಡಿ ಬ್ರಾಗ್ಲಿಗಳ ವಿಶೇಷವೆಂದರೆ, ಹಿರಿಯರು ಹಿಡಿದ ದಾರಿಯನ್ನು ಬಿಟ್ಟು ಹೊರಡುವ ಧೈರ್ಯವಿದ್ದ ಒಬ್ಬ ಮಗ ಆಗಾಗ ಈ ಮನೆಯಲ್ಲಿ ಹುಟ್ಟಿದ್ದು.

1789ರ ಜುಲೈ, ಫ್ರಾನ್ಸಿನ ಮಹಾಕ್ರಾಂತಿಯ ಆರಂಭ. ಪ್ಯಾರಿಸ್ ಸುತ್ತ ಜಮಾಯಿಸಿದ್ದ ರಾಜಸೈನ್ಯಕ್ಕೆ ವಯಸ್ಸಾದ ಮಾರ್ಷಲ್ ವಿಕ್ಟರ್-ಫ್ರಾನ್ಸ್ವಾನೇ ಮುಖ್ಯಸ್ಥ, ಕೆಲವೇ ದಿನಗಳ ಮಟ್ಟಿಗೆ ಯುದ್ಧಮಂತ್ರಿಯೂ ಹೌದು. ಬಾಸ್ಟೀಲ್ ಕೋಟೆ ಜನರ ಕೈಗೆ ಬಿದ್ದ ಮೇಲೆ ಅವನು ದೇಶ ಬಿಟ್ಟ. ಮತ್ತೆ ಮರಳಲಿಲ್ಲ, 1804ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ತೀರಿಕೊಂಡ. ಅವನ ಮಗ ಕ್ಲೋಡ್-ವಿಕ್ಟರ್ ನಿಂತದ್ದು ಎದುರು ಪಕ್ಷದಲ್ಲಿ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋಗಿ ಬಂದಿದ್ದ ಈತ ಕುಲೀನರ ಪ್ರತಿನಿಧಿಯಾಗಿ ಸಂವಿಧಾನ ಸಭೆ ಸೇರಿ, ಸುಧಾರಣಾವಾದಿಗಳ ಜೊತೆ ಗುರುತಿಸಿಕೊಂಡ. 1790ರ ಜೂನ್ 19ರಂದು ವಂಶಪಾರಂಪರ್ಯದ ಕುಲೀನ ಪದವಿಗಳನ್ನೆಲ್ಲ ರದ್ದು ಮಾಡಿದ್ದು ಅದೇ ಸಭೆ. ಮರುವರ್ಷ ಈತ ಅದರ ಅಧ್ಯಕ್ಷನೂ ಆದ. ಆದರೆ 1792ರಲ್ಲಿ ದೊರೆಯನ್ನು ಪದಚ್ಯುತಗೊಳಿಸಿದಾಗ ಅದನ್ನು ಒಪ್ಪದೆ ಸೈನ್ಯದ ಹುದ್ದೆ ಕಳೆದುಕೊಂಡ. 1794ರ ಜೂನ್ 27ರಂದು ಕ್ರಾಂತಿ ಅವನ ತಲೆಯನ್ನೂ ತೆಗೆದುಕೊಂಡಿತು. ಸರಿಯಾಗಿ ಒಂದು ತಿಂಗಳಿಗೆ ಕ್ರಾಂತಿಯ ನಾಯಕ ರೋಬೆಸ್ಪಿಯರ್‌ನ ಆಳ್ವಿಕೆಯೇ ಉರುಳಿತು.

ಸಾಯುವ ಮೊದಲು ಅವನು ತನ್ನ ಪುಟ್ಟ ಮಗನಿಗೆ ಹೇಳಿ ಹೋದ ಮಾತು ಈ ಮನೆಯ ನಿಜವಾದ ಆಸ್ತಿ ಎಂದು ನನಗನ್ನಿಸುತ್ತದೆ. ಕ್ರಾಂತಿ ತನಗೆ ಅನ್ಯಾಯ ಮಾಡಿದರೂ ನೀನು ಅದರ ತತ್ವಗಳನ್ನು ಕೈಬಿಡಬೇಡ ಎಂಬುದು ಅದರ ತಾತ್ಪರ್ಯ. ಆಗ ಎಂಟು ವರ್ಷದವನಾಗಿದ್ದ ಆ ಹುಡುಗ ಮುಂದೆ ಮೂರನೆಯ ಡ್ಯೂಕ್ ವಿಕ್ಟರ್. 1815ರ ಡಿಸೆಂಬರ್‌ನಲ್ಲಿ ನೆಪೋಲಿಯನ್‌ನ ಸೇನಾನಿ ಮಾರ್ಷಲ್ ನೇ ದ್ರೋಹದ ಆರೋಪ ಹೊತ್ತು ಮೇಲ್ಮನೆಯ ಮುಂದೆ ನಿಂತಿದ್ದ. ಮತ ಹಾಕಲು ಮೂವತ್ತು ವರ್ಷ ತುಂಬಿರಬೇಕಿತ್ತು, ವಿಕ್ಟರ್ ಅವರಿಗೆ ತುಂಬಿ ವಾರ ಕಳೆದಿತ್ತಷ್ಟೆ. ಮರಣದಂಡನೆಗೆ ಕಾತರಿಸುತ್ತಿದ್ದ ಆ ಸಭೆಯಲ್ಲಿ ನೇ ತಪ್ಪಿತಸ್ಥನಲ್ಲ ಎಂದು ಮತ ಹಾಕಿದವರು ಅವರೊಬ್ಬರೇ. ನೇಯನ್ನು ಗುಂಡಿಟ್ಟು ಕೊಂದರು. ಆ ಒಂಟಿ ಮತ ಮಾತ್ರ ದಾಖಲೆಯಲ್ಲಿ ಉಳಿದಿದೆ. ಮರುವರ್ಷ ಅವರು ಲೇಖಕಿ ಜೆರ್ಮೇನ್ ಡಿ ಸ್ಟಾಲ್ ಅವರ ಮಗಳು ಆಲ್ಬರ್ಟೀನ್‌ರನ್ನು ಮದುವೆಯಾದರು, 1835ರಲ್ಲಿ ಪ್ರಧಾನಿಯಾದರು. ಫ್ರಾನ್ಸಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಹೇಗೆ ಕೊನೆಗಾಣಿಸಬೇಕೆಂದು ಪರಿಶೀಲಿಸಿದ ಆಯೋಗಕ್ಕೂ ಅವರೇ ಅಧ್ಯಕ್ಷರು. ಅವರ ಮಗ ಆಲ್ಬರ್ಟ್ ಕೂಡ 1870ರ ದಶಕದಲ್ಲಿ ಎರಡು ಸಲ ಪ್ರಧಾನಿ. ಆದರೆ ಅವರು ರಾಜಪ್ರಭುತ್ವದ ಮರಳುವಿಕೆಗೆ ದುಡಿದು ಸೋತವರು. ಮನೆತನದ ರಾಜಕೀಯ ಬಹುಮಟ್ಟಿಗೆ ಅವರೊಂದಿಗೇ ಮುಗಿಯಿತು.

ಆಲ್ಬರ್ಟ್ ಅವರ ಮೊಮ್ಮಗ ಮೌರಿಸ್, ಆರನೆಯ ಡ್ಯೂಕ್, ನೌಕಾಪಡೆಯ ಅಧಿಕಾರಿಯಾಗಿದ್ದರು. ಭೌತಶಾಸ್ತ್ರದ ಹುಚ್ಚು ಹತ್ತಿಸಿಕೊಂಡ ಅವರು ನೌಕರಿ ಬಿಡುವುದು ಮನೆಯವರಿಗೆ ಇಷ್ಟವಿರಲಿಲ್ಲ. ಆದರೂ ಬಿಟ್ಟರು, 1908ರಲ್ಲಿ ಡಾಕ್ಟರೇಟ್ ಪಡೆದರು, ಪ್ಯಾರಿಸ್‌ನ ಸ್ವಂತ ಮನೆಯಲ್ಲೇ ಎಕ್ಸ್-ಕಿರಣಗಳ ಪ್ರಯೋಗಾಲಯ ಕಟ್ಟಿದರು. ಖರ್ಚೆಲ್ಲ ಮನೆತನದ ಹಣ. ಇದನ್ನು ಮರೆಮಾಚಬಾರದು. ಪೂರ್ವಿಕರ ಸಂಪತ್ತು ಇಲ್ಲದಿದ್ದರೆ ಆ ಪ್ರಯೋಗಾಲಯ ಇರುತ್ತಿರಲಿಲ್ಲ. ಆದರೆ ಅಂಥ ಸಂಪತ್ತನ್ನು ಹೀಗೆ ಬಳಸಿದವರು ಎಷ್ಟು ಮಂದಿ?

1906ರಲ್ಲಿ ತಂದೆ ತೀರಿಕೊಂಡಾಗ ತಮ್ಮ ಲೂಯಿ ಇನ್ನೂ ಹುಡುಗ. ಹದಿನೇಳು ವರ್ಷ ದೊಡ್ಡವರಾದ ಮೌರಿಸ್ ಅವರೇ ಓದಿಸಿದರು. ಲೂಯಿ ಮೊದಲು ಪದವಿ ಪಡೆದದ್ದು ಇತಿಹಾಸದಲ್ಲಿ. 1911ರಲ್ಲಿ ಬ್ರಸೆಲ್ಸ್‌ನಲ್ಲಿ ಐನ್‌ಸ್ಟೈನ್, ಪ್ಲಾಂಕ್, ಮೇರಿ ಕ್ಯೂರಿ ಮೊದಲಾದವರು ಸೇರಿದ ಸಾಲ್ವೇ ಸಮ್ಮೇಳನಕ್ಕೆ ಅಣ್ಣ ಕಾರ್ಯದರ್ಶಿಗಳಲ್ಲೊಬ್ಬರು. ಅಲ್ಲಿನ ಚರ್ಚೆಗಳ ಬರಹವನ್ನು ಮನೆಯಲ್ಲೇ ಓದಿದ ತಮ್ಮ ಕ್ವಾಂಟಂ ಲೋಕದತ್ತ ತಿರುಗಿದರು. ಮೊದಲ ಮಹಾಯುದ್ಧದ ವರ್ಷಗಳು ಐಫೆಲ್ ಗೋಪುರದ ರೇಡಿಯೊ ಕೇಂದ್ರದಲ್ಲಿ ಕಳೆದವು. ಮರಳಿ ಬಂದಾಗ ಅಣ್ಣನ ಪ್ರಯೋಗಾಲಯದಲ್ಲಿ ಒಂದು ಒಗಟು ದಿನವೂ ಕಣ್ಣೆದುರು ಇತ್ತು. ಹರಳಿನ ಮೂಲಕ ಹಾಯ್ದ ಎಕ್ಸ್-ಕಿರಣ ತರಂಗದ ಹಾಗೆ ಬಾಗಿ ಹರಡುತ್ತದೆ. ಅದೇ ಕಿರಣ ಲೋಹಕ್ಕೆ ಬಡಿದಾಗ ಕಣದ ಹಾಗೆ ಎಲೆಕ್ಟ್ರಾನನ್ನು ಕಿತ್ತೆಸೆಯುತ್ತದೆ. ತರಂಗಕ್ಕೆ ಕಣದ ಗುಣ ಇರುವುದಾದರೆ ಕಣಕ್ಕೂ ತರಂಗದ ಗುಣ ಇರಬೇಕಲ್ಲವೆ? ಲೂಯಿ 1924ರ ತಮ್ಮ ಮಹಾಪ್ರಬಂಧದಲ್ಲಿ ಈ ಯೋಚನೆಯನ್ನು ಗಣಿತಕ್ಕೆ ಇಳಿಸಿದರು. ಪ್ಲಾಂಕ್ ಸ್ಥಿರಾಂಕವನ್ನು ಕಣದ ಸಂವೇಗದಿಂದ ಭಾಗಿಸಿದರೆ ಅದರ ತರಂಗಾಂತರ. ಪರೀಕ್ಷಕರಲ್ಲೊಬ್ಬರಾದ ಲಾಂಜೆವಾಂ ಪ್ರಬಂಧದ ಪ್ರತಿಯನ್ನು ಐನ್‌ಸ್ಟೈನರಿಗೆ ಕಳಿಸಿದರು, ಅವರು ಮುಕ್ತವಾಗಿ ಮೆಚ್ಚಿದರು. 1927ರಲ್ಲಿ ಅಮೆರಿಕದಲ್ಲಿ ಡೇವಿಸನ್ ಮತ್ತು ಜರ್ಮರ್, ಬ್ರಿಟನ್ನಿನಲ್ಲಿ ಜಿ. ಪಿ. ಥಾಮ್ಸನ್ ಎಲೆಕ್ಟ್ರಾನ್‌ಗಳು ಹರಳಿನಿಂದ ತರಂಗದಂತೆಯೇ ಹರಡುವುದನ್ನು ತೋರಿಸಿದರು. 1929ರಲ್ಲಿ ಲೂಯಿ ಅವರಿಗೆ ನೊಬೆಲ್.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಬೆಳಕು ತರಂಗವೆಂದು 19ನೆಯ ಶತಮಾನದ ಆರಂಭದಲ್ಲಿ ಸಾಧಿಸಿ ತೋರಿಸಿದ ಆಗಸ್ಟಿನ್ ಫ್ರೆನೆಲ್ 1788ರಲ್ಲಿ ಹುಟ್ಟಿದ್ದು ಇದೇ ಬ್ರಾಗ್ಲಿ ಊರಿನಲ್ಲಿ. ಅವರ ತಂದೆ ಮಾರ್ಷಲ್ ವಿಕ್ಟರ್-ಫ್ರಾನ್ಸ್ವಾನ ಬಳಿ ಕೆಲಸ ಮಾಡುತ್ತಿದ್ದ ವಾಸ್ತುಶಿಲ್ಪಿ, ತಾಯಿಯ ತಂದೆ ಅದೇ ಜಮೀನಿನ ಪಾರುಪತ್ಯಗಾರ. ಬೆಳಕಿನ ತರಂಗವನ್ನು ಕಂಡವರು ಊಳಿಗದವರ ಮನೆಯ ಮಗ, ದ್ರವ್ಯದ ತರಂಗವನ್ನು ಕಂಡವರು ಒಡೆಯನ ಮನೆಯವರು. ಇತಿಹಾಸದಲ್ಲಿ ಇಂಥ ಜೋಡಿ ಅಪರೂಪ, ನನಗಂತೂ ಇದು ರೋಮಾಂಚನದ ಸಂಗತಿ.

1945ರಲ್ಲಿ ಲೂಯಿ ಫ್ರೆಂಚ್ ಅಕಾಡೆಮಿ ಪ್ರವೇಶಿಸಿದಾಗ ಸ್ವಾಗತ ಭಾಷಣ ಮಾಡಿದ್ದು ಮೊದಲೇ ಸದಸ್ಯರಾಗಿದ್ದ ಮೌರಿಸ್. 1949ರಲ್ಲಿ ಯುರೋಪಿನ ದೇಶಗಳು ಕೂಡಿ ಒಂದು ಪ್ರಯೋಗಾಲಯ ಕಟ್ಟಬೇಕೆಂದು ಲೂಯಿ ಕರೆ ಕೊಟ್ಟರು, ಸರ್ನ್ ಸ್ಥಾಪನೆಗೆ ದಾರಿ ಮಾಡಿದ ಮಾತುಗಳಲ್ಲಿ ಅದೂ ಒಂದು. ನಮ್ಮ ದೇಶದ ಜೊತೆಗೂ ಅವರಿಗೆ ಒಂದು ನಂಟಿದೆ. ಒಡಿಶಾದ ಬಿಜು ಪಟ್ನಾಯಕ್ ಅವರ ದೇಣಿಗೆಯಿಂದ ಯುನೆಸ್ಕೊ ಆರಂಭಿಸಿದ ವಿಜ್ಞಾನ ಪ್ರಸಾರದ ಕಳಿಂಗ ಪ್ರಶಸ್ತಿಯನ್ನು 1952ರಲ್ಲಿ ಮೊಟ್ಟಮೊದಲು ಪಡೆದವರು ಲೂಯಿ ಡಿ ಬ್ರಾಗ್ಲಿ.

ಮೌರಿಸ್ 1960ರ ಜುಲೈ 14ರಂದು, ಬಾಸ್ಟೀಲ್ ದಿನದಂದೇ, ತೀರಿಕೊಂಡರು. ಅಲ್ಲಿಯವರೆಗೆ ಪ್ರಿನ್ಸ್ ಆಗಿದ್ದ ಲೂಯಿ ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ ಡ್ಯೂಕ್ ಆದರು. ಮದುವೆಯಾಗದ ಅವರು 1987ರಲ್ಲಿ ನಿಧನರಾದ ಮೇಲೆ ಪದವಿ ದೂರದ ದಾಯಾದಿ ಶಾಖೆಗೆ ಹೋಯಿತು, ಈಗಿರುವವರು ಒಂಬತ್ತನೆಯ ಡ್ಯೂಕ್. ಇಂದಿನ ಫ್ರೆಂಚ್ ಗಣರಾಜ್ಯದಲ್ಲಿ ಇಂಥ ಪದವಿಗಳಿಂದ ಅಧಿಕಾರವಾಗಲಿ ವಿನಾಯಿತಿಯಾಗಲಿ ಸಿಗುವುದಿಲ್ಲ. ನ್ಯಾಯ ಸಚಿವಾಲಯ ಹಳೆಯ ಸನದುಗಳನ್ನು ಪರಿಶೀಲಿಸಿ ದೃಢೀಕರಿಸಿದರೆ ಸರ್ಕಾರಿ ಕಾಗದಗಳಲ್ಲಿ ಹೆಸರಿನ ಜೊತೆ ಸೇರಿಸಿಕೊಳ್ಳಬಹುದು, ಅಷ್ಟೇ.