ಕಿಶೋರ ಕಾದಂಬರಿಗಳು ಮತ್ತು ಹದಿಹರೆಯದ ದುಃಖ

ಬಾಲ್ಯವು ಕಳೆದು ಯೌವನವು ಇನ್ನೂ ಪೂರ್ಣವಾಗಿ ಬಾರದ ವಯಸ್ಸನ್ನು ಹದಿಹರೆಯವೆಂದು ಕರೆಯುತ್ತೇವೆ. ತಾನು ಯಾರು, ತನ್ನವರು ಯಾರು ಎಂಬ ಪ್ರಶ್ನೆಗಳು ಈ ವಯಸ್ಸಿನಲ್ಲಿ ತಾವಾಗಿಯೇ ಏಳುತ್ತವೆ. ಆದರೆ ಅವನ್ನು ಆಡಿ ತೋರಿಸಲು ಮಾತು ಒದಗುವುದಿಲ್ಲ. ತಂದೆಯನ್ನೋ ತಾಯಿಯನ್ನೋ ಜೊತೆಗಾರನನ್ನೋ ಕಳೆದುಕೊಂಡ ಬಾಲಕನು ತರಗತಿಯಲ್ಲಿ ಎಂದಿನಂತೆಯೇ ಕುಳಿತಿರುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎಂದಿನ ಗುರುತೇ ಬೀಳುತ್ತದೆ. ಇಂಥ ಮಕ್ಕಳ ಅಂತರಂಗವನ್ನೇ ವಸ್ತುವಾಗಿ ಉಳ್ಳ ಸಾಹಿತ್ಯ ಪ್ರಕಾರವೊಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷಿನಲ್ಲಿ ವಿಶೇಷವಾಗಿ ಬೆಳೆಯಿತು. ಅದನ್ನು ಕಿಶೋರ ಕಾದಂಬರಿ ಎನ್ನಬಹುದು. ಮೂರು ಕೃತಿಗಳ ಮೂಲಕ ಅದನ್ನು ಪರಿಚಯಿಸಿ, ಶಾಲೆಯು ಅದರಿಂದ ಕಲಿಯಬಹುದಾದುದೇನೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಪ್ರಕಾರದ ಚರಿತ್ರೆಯಲ್ಲಿ 1967ರಲ್ಲಿ ಪ್ರಕಟವಾದ ‘ದಿ ಔಟ್‌ಸೈಡರ್ಸ್’ ಕಾದಂಬರಿಗೆ ಅಗ್ರಸ್ಥಾನವಿದೆ. ಹೊರಗಿನವರು ಎಂಬುದು ಆ ಹೆಸರಿನ ಅರ್ಥ. ಲೇಖಕಿ ಎಸ್. ಇ. ಹಿಂಟನ್ ಅವರು ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದವರು. ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ ಇದನ್ನು ಬರೆದರು. ಹುಡುಗರ ಕಥೆಯನ್ನು ಹುಡುಗಿಯೊಬ್ಬಳು ಬರೆದಳೆಂದರೆ ವಿಮರ್ಶಕರು ಹಗುರವಾಗಿ ಕಂಡಾರೆಂಬ ಶಂಕೆಯಿಂದ ಪ್ರಕಾಶಕರು ಹೆಸರಿನ ಮೊದಲಕ್ಷರಗಳನ್ನಷ್ಟೇ ಮುದ್ರಿಸಿದರು.

ಕಥಾನಾಯಕ ಪೋನಿಬಾಯ್ ಹದಿನಾಲ್ಕು ವರ್ಷದವನು. ತಂದೆತಾಯಿಗಳು ಮೋಟಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಇಪ್ಪತ್ತು ವರ್ಷದ ಹಿರಿಯಣ್ಣನು ಕಾಲೇಜಿನ ಆಸೆಯನ್ನು ತೊರೆದು ದುಡಿದು ಮನೆಯನ್ನು ನಡೆಸುತ್ತಾನೆ. ಊರಿನಲ್ಲಿ ಸಿರಿವಂತರ ಮಕ್ಕಳಿಗೂ ಬಡವರ ಮಕ್ಕಳಿಗೂ ತೀರದ ಹಗೆ. ಒಂದು ಜಗಳದಲ್ಲಿ ಪೋನಿಬಾಯ್‌ನ ಗೆಳೆಯ ಜಾನಿಯ ಕೈಯಿಂದ ಸಿರಿವಂತ ಹುಡುಗನೊಬ್ಬನ ಕೊಲೆಯಾಗುತ್ತದೆ. ಇಬ್ಬರೂ ಪಾಳು ಚರ್ಚೊಂದರಲ್ಲಿ ಅಡಗುತ್ತಾರೆ. ಆ ಚರ್ಚಿಗೆ ಬೆಂಕಿ ಬಿದ್ದಾಗ ಒಳಗೆ ಸಿಲುಕಿದ ಎಳೆಯ ಮಕ್ಕಳನ್ನು ಉಳಿಸಲು ಹೋದ ಜಾನಿಯು ತೀವ್ರವಾಗಿ ಗಾಯಗೊಂಡು ಮುಂದೆ ಸಾಯುತ್ತಾನೆ. ಈ ಸಾವನ್ನು ಒಪ್ಪದ ಪೋನಿಬಾಯ್‌ನ ಓದು ಕೆಡುತ್ತದೆ. ಆಗ ಅವನ ಇಂಗ್ಲಿಷ್ ಅಧ್ಯಾಪಕರು, ಒಳ್ಳೆಯ ಪ್ರಬಂಧವೊಂದನ್ನು ಬರೆದುಕೊಟ್ಟರೆ ತೇರ್ಗಡೆ ಮಾಡುವುದಾಗಿ ಹೇಳುತ್ತಾರೆ. ಬಾಲಕನು ಬರೆಯತೊಡಗುತ್ತಾನೆ. ಇಲ್ಲಿಯವರೆಗೆ ನಾವು ಓದಿದ ಕಾದಂಬರಿಯೇ ಆ ಪ್ರಬಂಧವೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಅಧ್ಯಾಪಕರು ಇಲ್ಲಿ ಉಪದೇಶವನ್ನೇನೂ ಮಾಡಲಿಲ್ಲ. ಬರೆಯಲು ಅವಕಾಶವನ್ನು ಕೊಟ್ಟರು, ಅಷ್ಟೆ.

ಈ ಪುಸ್ತಕವು ಮಕ್ಕಳ ಮನಸ್ಸನ್ನು ಎಷ್ಟು ಹಿಡಿಯಿತೆಂಬುದಕ್ಕೆ ಒಂದು ನಿದರ್ಶನವಿದೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪ್ರದೇಶದ ಲೋನ್ ಸ್ಟಾರ್ ಶಾಲೆಯ ಗ್ರಂಥಪಾಲಕಿಯೂ ವಿದ್ಯಾರ್ಥಿಗಳೂ ಇದನ್ನು ಚಲನಚಿತ್ರ ಮಾಡಬೇಕೆಂದು ಪ್ರಸಿದ್ಧ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರಿಗೆ ಪತ್ರ ಬರೆದರು. 1983ರಲ್ಲಿ ಚಿತ್ರವು ತೆರೆಕಂಡಿತು. ಅದು ಆ ಶಾಲೆಯವರಿಗೇ ಅರ್ಪಿತವಾಗಿದೆ.

ಎರಡನೆಯ ಕೃತಿ ಕ್ಯಾಥರೀನ್ ಪ್ಯಾಟರ್ಸನ್ ಅವರ ‘ಬ್ರಿಜ್ ಟು ಟೆರಬಿತಿಯ’ (1977). ಲೇಖಕಿಯು ಚೀನಾದಲ್ಲಿ ಕ್ರೈಸ್ತ ಮಿಷನರಿ ದಂಪತಿಗಳ ಮಗಳಾಗಿ 1932ರಲ್ಲಿ ಜನಿಸಿದವರು. ಅವರ ಮಗನ ಬಾಲ್ಯದ ಗೆಳತಿಯು 1974ರಲ್ಲಿ ಸಿಡಿಲು ಬಡಿದು ಮೃತಳಾದಳು. ಆ ದುಃಖವೇ ಈ ಕೃತಿಯ ಮೂಲ. ಬಡ ಕುಟುಂಬದ ಹತ್ತು ವರ್ಷದ ಜೆಸ್ ಮತ್ತು ನಗರದಿಂದ ಬಂದ ಲೆಸ್ಲಿ ಕಾಡಿನಲ್ಲಿ ಒಂದು ಕಲ್ಪಿತ ರಾಜ್ಯವನ್ನು ಕಟ್ಟಿಕೊಂಡು ಆಡುತ್ತಾರೆ. ಹಳ್ಳದ ಮೇಲೆ ತೂಗುವ ಹಗ್ಗವೇ ಅಲ್ಲಿಗೆ ದಾರಿ. ಜೆಸ್ ಊರಿನಲ್ಲಿಲ್ಲದ ದಿನ ಲೆಸ್ಲಿ ಒಬ್ಬಳೇ ಹೋಗಿ, ಹಗ್ಗ ಹರಿದು, ತುಂಬಿದ ಹಳ್ಳದಲ್ಲಿ ಸಾಯುತ್ತಾಳೆ. ಮಕ್ಕಳೆಲ್ಲ ಹೆದರುವ, ಅಣಕಿಸುವ ಕಠಿಣ ಸ್ವಭಾವದ ಶಿಕ್ಷಕಿಯೊಬ್ಬಳು ಜೆಸ್‌ನನ್ನು ತರಗತಿಯ ಹೊರಗೆ ಕರೆಯುತ್ತಾಳೆ. ತನ್ನ ಪತಿ ಸತ್ತಾಗ ಜನರು ಅಳಬೇಡವೆಂದರು, ಮರೆಯಿಸಲು ನೋಡಿದರು, ತನಗೆ ಮಾತ್ರ ಮರೆಯುವ ಮನಸ್ಸಿರಲಿಲ್ಲ ಎಂದು ಹೇಳುತ್ತಾಳೆ. ದುಃಖಿತ ವಿದ್ಯಾರ್ಥಿಯೊಡನೆ ಹೇಗೆ ಮಾತನಾಡಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಪಾಠವು ದೊರೆಯುವುದು ಕಷ್ಟ. ಜೆಸ್ ಕೊನೆಗೆ ಅದೇ ಹಳ್ಳಕ್ಕೆ ಹಲಗೆಯ ಸೇತುವೆ ಹಾಕಿ, ತನ್ನ ಪುಟ್ಟ ತಂಗಿಯನ್ನು ಆ ರಾಜ್ಯಕ್ಕೆ ಕರೆದೊಯ್ಯುತ್ತಾನೆ. 1978ರಲ್ಲಿ ಈ ಕೃತಿಗೆ ನ್ಯೂಬೆರಿ ಪದಕವು ಬಂದಿತು. ಆದರೂ ಇದನ್ನು ಶಾಲೆಗಳಿಂದ ತೆಗೆಯಬೇಕೆಂದು ಅಮೆರಿಕದಲ್ಲಿ ಅನೇಕರು ಆಕ್ಷೇಪಿಸಿದರು.

ಮೂರನೆಯದು ‘ಎ ಮಾನ್‌ಸ್ಟರ್ ಕಾಲ್ಸ್’ (2011). ಲೇಖಕಿ ಶಿವಾನ್ ಡೌಡ್ ಅವರು ಇದರ ಕಲ್ಪನೆಯನ್ನು ರೂಪಿಸಿ, ಬರೆದು ಮುಗಿಸುವ ಮುನ್ನವೇ 2007ರಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಪ್ಯಾಟ್ರಿಕ್ ನೆಸ್ ಅವರು ಅದನ್ನು ಕಾದಂಬರಿಯಾಗಿಸಿದರು. ಹದಿಮೂರು ವರ್ಷದ ಕಾನರ್‌ನ ತಾಯಿ ಮರಣಶಯ್ಯೆಯಲ್ಲಿದ್ದಾಳೆ. ಶಾಲೆಯಲ್ಲಿ ಅವನು ತಪ್ಪು ಮಾಡಿದರೂ ಕರುಣೆಯಿಂದ ಯಾರೂ ಶಿಕ್ಷಿಸುವುದಿಲ್ಲ. ಆ ಕರುಣೆಯೇ ಅವನನ್ನು ಒಂಟಿಯಾಗಿಸುತ್ತದೆ. ಈ ಸಂಕಟವು ಬೇಗ ಮುಗಿಯಲೆಂದು ತಾನು ಬಯಸಿದೆನೆಂಬ ಸತ್ಯವು ಅವನನ್ನು ಸುಡುತ್ತಿದೆ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಅವನು ತಾಯಿಯನ್ನು ಬೀಳ್ಕೊಡಲು ಸಮರ್ಥನಾಗುತ್ತಾನೆ.

ಎಳೆಯರಿಗೆ ಸಾವಿನ ಕಥೆಯೇಕೆ ಎಂದು ಹಿರಿಯರು ಕೇಳುವುದು ಸಹಜ. ಆದರೆ ಸಾವು ನಮ್ಮ ಅಪ್ಪಣೆಯನ್ನು ಕೇಳಿ ಮಕ್ಕಳ ಬಳಿಗೆ ಬರುವುದಿಲ್ಲ. ಉಚಿತ ಪ್ರಸಾದ ನಿಲಯಗಳಿಗೆ ಸೇರುವ ಮಕ್ಕಳಲ್ಲಿ ಅದನ್ನು ಕಂಡೇ ಬಂದವರೂ ಇರುತ್ತಾರೆ. ಅವರಿಗೆ ಬೇಕಾದುದು ತಮ್ಮಂತೆಯೇ ನೊಂದ ಇನ್ನೊಬ್ಬನಿದ್ದಾನೆಂಬ ಅರಿವು. ಶರಣರೂ ತಮ್ಮ ಅನುಭವವನ್ನು ಪಾಂಡಿತ್ಯದ ಹಂಗಿಲ್ಲದೆ ಜನರ ನುಡಿಯಲ್ಲಿ ಹೇಳಿದರು. ನಾನಾ ಕಾಯಕದವರು ವಚನಕಾರರಾದರು. ಅನುಭವವನ್ನು ನಿಜವಾಗಿ ನುಡಿಯುವ ಈ ಪರಂಪರೆಗೆ ಸೇರಿದ ಶಾಲೆಯಲ್ಲಿ ಬಾಲಕನ ನಿಜವಾದ ಮಾತಿಗೂ ಎಡೆಯಿರಬೇಕು.

ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರಿಂದ ಕನ್ನಡದ ಶಿಶುಸಾಹಿತ್ಯವು ಸಮೃದ್ಧವಾಗಿದೆ. ಪ್ರೌಢರಿಗೆ ಕುವೆಂಪು, ಕಾರಂತರ ಕಾದಂಬರಿಗಳಿವೆ. ಇವೆರಡರ ನಡುವಿನ ಮೆಟ್ಟಿಲು ಇನ್ನೂ ಗಟ್ಟಿಯಾಗಬೇಕಾಗಿದೆ. ಅಲ್ಲಿಯವರೆಗೆ ಇಂಗ್ಲಿಷ್ ಬಲ್ಲ ಅಧ್ಯಾಪಕರು ಇಂಥ ಕಥೆಗಳನ್ನು ಓದಿ ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದು. ಹಬ್ಬಹರಿದಿನಗಳನ್ನು ಕುರಿತ ವಾಡಿಕೆಯ ಪ್ರಬಂಧಗಳ ಜೊತೆಗೆ, ವಿದ್ಯಾರ್ಥಿಯು ತನ್ನ ಬಾಳಿನಿಂದಲೇ ಆರಿಸಿಕೊಂಡ ವಿಷಯವನ್ನು ವರ್ಷಕ್ಕೊಮ್ಮೆಯಾದರೂ ಬರೆಯಿಸಿ, ಅಂಕದ ಗೊಡವೆಯಿಲ್ಲದೆ ಓದಬಹುದು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೊಠಡಿ ಕಟ್ಟಿಸುವಷ್ಟೇ ಶ್ರದ್ಧೆಯಿಂದ ಗ್ರಂಥಾಲಯದಲ್ಲಿ ಈ ವಯಸ್ಸಿನವರಿಗಾಗಿ ಒಂದು ಕಪಾಟನ್ನು ತುಂಬಿಸಿಕೊಡಬಹುದು. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಲ್ಲಿ ಇದೂ ಅಕ್ಷರದ ಪಾಲಿಗೇ ಸೇರುತ್ತದೆ. ಆ ಕಪಾಟಿಗೆ ಬೀಗವಿಲ್ಲದಂತೆ ನೋಡಿಕೊಳ್ಳುವುದು ಮಾತ್ರ ಅಧ್ಯಾಪಕರ ಹೊಣೆ.