ನಿನ್ನ ವಿಮಾನ ಹೆಚ್ಚೋ, ನನ್ನ ವಿಮಾನ ಹೆಚ್ಚೋ?

ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಘಟ್ಟವೇರುವ ಹೆದ್ದಾರಿಯಲ್ಲಿ, ಗಂಗಾವಳಿ ನದಿಯ ಮಗ್ಗುಲಿಗೆ ರಾಮನಗುಳಿ ಎಂಬ ಪುಟ್ಟ ಊರಿದೆ. ಸುತ್ತ ಕಾಡು, ತೋಟ, ಗುಡ್ಡಗಳ ಸಾಲು. ಇಂಥ ಊರಿನ ಮಗುವಿಗೆ ವಿಮಾನವೆಂದರೆ ಬಹುಮಟ್ಟಿಗೆ ಒಂದು ಸದ್ದು. ಅಂಗಳಕ್ಕೆ ಓಡಿಬಂದು ಕತ್ತೆತ್ತುವಷ್ಟರಲ್ಲಿ ಅದು ಗುಡ್ಡದ ಆಚೆಗೆ ಹೋಗಿಬಿಟ್ಟಿರುತ್ತದೆ. ಉಳಿದರೆ ಆಕಾಶದಲ್ಲಿ ಒಂದು ಬಿಳಿಯ ಗೆರೆ ಉಳಿದೀತು, ಅಷ್ಟೆ.

ಆದರೆ ಈಗ ಅದೇ ಮಗುವನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಅಂಕೋಲೆಗೆ ಇಳಿದು, ಅಲ್ಲಿಂದ ಕಡಲ ಬದಿಯ ಹೆದ್ದಾರಿಯಲ್ಲಿ ಕಾರವಾರಕ್ಕೆ ಹೋದರೆ ಸಾಕು. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ‘ಚಪಲ್’ ಯುದ್ಧನೌಕೆಯ ಸಂಗ್ರಹಾಲಯದ ಬಳಿಯಲ್ಲೇ, ಕೈಯಿಂದ ಮುಟ್ಟಿ ನೋಡಬಹುದಾದ ವಿಮಾನವೊಂದು ನಿಂತಿದೆ. ಅದು ಅಂತಿಂಥ ವಿಮಾನವಲ್ಲ. ಅದರ ಹೆಸರು ಟುಪೊಲೆವ್-142. ಮೂಗಿನಿಂದ ಬಾಲದವರೆಗೆ ಐವತ್ತು ಮೀಟರಿಗೂ ಮಿಗಿಲಾದ ಉದ್ದ. ರೆಕ್ಕೆಗಳ ಹರವೂ ಸುಮಾರು ಐವತ್ತು ಮೀಟರು. ಎಂಜಿನ್ನುಗಳು ನಾಲ್ಕು, ಒಂದೊಂದು ಎಂಜಿನ್ನಿಗೂ ಒಂದರ ಹಿಂದೊಂದರಂತೆ, ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲ್ಲರುಗಳು. ಈ ದೈತ್ಯ ತಮಿಳುನಾಡಿನ ಅರಕ್ಕೋಣದಿಂದ ಬಿಡಿ ಬಿಡಿ ಭಾಗಗಳಾಗಿ ಲಾರಿಗಳ ಮೇಲೇರಿ 2023ರಲ್ಲಿ ಕಾರವಾರವನ್ನು ಸೇರಿತು. ಆಕಾಶವನ್ನು ಆಳಿದ ಪಕ್ಷಿ ಕೊನೆಯ ಪ್ರಯಾಣವನ್ನು ರಸ್ತೆಯ ಮೇಲೆ ಮಾಡಿತು!

ಅದರ ರೆಕ್ಕೆಯ ನೆರಳಿನಲ್ಲಿ ಮಕ್ಕಳು ಆಡುವರು, ದಂಪತಿಗಳು ಭಾವಚಿತ್ರ ತೆಗೆಸಿಕೊಳ್ಳುವರು. ಆದರೆ ಆ ನೆರಳಿನಲ್ಲಿ ನಿವೃತ್ತರಾದ ಇಬ್ಬರು ವೈಮಾನಿಕರನ್ನು ತಂದು ನಿಲ್ಲಿಸಿದೆವೆಂದು ಭಾವಿಸೋಣ. ಐದು ನಿಮಿಷದಲ್ಲಿ ಜಗಳ ಶುರುವಾಗುತ್ತದೆ. ಹಣದ ಜಗಳವಲ್ಲ, ಆಸ್ತಿಯ ಜಗಳವಲ್ಲ. ‘ನಿನ್ನ ವಿಮಾನ ಹೆಚ್ಚೋ, ನನ್ನ ವಿಮಾನ ಹೆಚ್ಚೋ’ ಎಂಬ ಜಗಳ. ಲೋಕದಲ್ಲಿ ವೈಮಾನಿಕರು ಎಲ್ಲೆಲ್ಲಿ ಕೂಡುವರೋ ಅಲ್ಲಲ್ಲಿ ಇದು ನಡೆಯುತ್ತಲೇ ಇರುತ್ತದೆ. ತೀರ್ಪು ಮಾತ್ರ ಎಂದೂ ಆಗುವುದಿಲ್ಲ.

ಆನೆಯೂ ಮಿಡತೆಯೂ

ಇಬ್ಬರಲ್ಲಿ ಒಬ್ಬರು ಟುಪೊಲೆವ್ ನಡೆಸಿದವರು, ಇನ್ನೊಬ್ಬರು ‘ಸೀ ಹ್ಯಾರಿಯರ್’ ನಡೆಸಿದವರು ಎಂದಿಟ್ಟುಕೊಳ್ಳಿ. ಇಬ್ಬರೂ ನೌಕಾದಳದವರೇ, ಇಬ್ಬರಿಗೂ ಈ ಕರಾವಳಿ ಪರಿಚಿತವೇ. ಕಾರವಾರಕ್ಕೆ ಉತ್ತರದಲ್ಲಿ, ಗೋವೆಯ ದಾಬೋಳಿಯ ನೌಕಾನೆಲೆಗೆ ಮೊದಲ ಸೀ ಹ್ಯಾರಿಯರುಗಳು ಬಂದಿಳಿದುದು 1983ರಲ್ಲಿ. ಟುಪೊಲೆವ್‌ಗಳು ಸೋವಿಯತ್ ದೇಶದಿಂದ ಮೊದಲು ಬಂದುದೂ ಅದೇ ದಾಬೋಳಿಗೆ, 1988ರಲ್ಲಿ. ಅರಕ್ಕೋಣಕ್ಕೆ ಹೋದುದು 1992ರಲ್ಲಿ. ಆದುದರಿಂದ ಕಾರವಾರದ ಈ ಜಾತಿಯ ವಿಮಾನ ಹೊಸ ಊರಿಗೆ ಬಂದಿದೆ ಎನ್ನುವುದಕ್ಕಿಂತ ಹಳೆಯ ನೆರೆಗೆ ಮರಳಿದೆ ಎನ್ನುವುದೇ ಸರಿ.

“ಹನ್ನೆರಡು ಗಂಟೆ ಹಾರಿದರೂ ದಣಿಯದ ವಿಮಾನ ನಮ್ಮದು, ಮಾರಾಯ. ನೀನು ಏರಿದ ಗಳಿಗೆಯಿಂದ ಪೆಟ್ರೋಲಿನ ಮುಳ್ಳನ್ನೇ ನೋಡುತ್ತ ಕೂರುವವನು” ಎಂದು ಮೊದಲನೆಯವರು ಕೆಣಕುವರು.

“ಹನ್ನೆರಡು ಗಂಟೆ ಕೂತು ಬರುವುದಾದರೆ ರೈಲು ಸಾಲದೆ? ಹಡಗಿನ ಅಂಗೈಯಗಲ ಜಾಗದ ಮೇಲೆ ನಿಂತಲ್ಲೇ ಇಳಿಸು ನೋಡೋಣ ನಿನ್ನ ಆನೆಯನ್ನು” ಎಂದು ಎರಡನೆಯವರ ಉತ್ತರ.

ಎರಡು ಮಾತಿನಲ್ಲೂ ಸತ್ಯವಿದೆ. ಟುಪೊಲೆವ್‌ನ ಕೆಲಸ ಅವಸರದ್ದಲ್ಲ. ಹತ್ತಕ್ಕೂ ಹೆಚ್ಚು ಮಂದಿಯನ್ನು ಹೊತ್ತು, ಸಾವಿರಾರು ಮೈಲಿ ಸಮುದ್ರದ ಮೇಲೆ ಸುತ್ತಿ, ನೀರಿನಲ್ಲಿ ತೇಲುವ ‘ಕಿವಿ’ಗಳನ್ನು ಉದುರಿಸಿ, ಆಳದಲ್ಲಿ ಅಡಗಿದ ಜಲಾಂತರ್ಗಾಮಿಯ ಸದ್ದನ್ನು ಆಲಿಸುವುದು ಅದರ ಕಸುಬು. ಇಷ್ಟು ಸೂಕ್ಷ್ಮವಾಗಿ ಕಿವಿಗೊಡುವ ವಿಮಾನವೇ ಲೋಕದ ಅತ್ಯಂತ ಗದ್ದಲದ ವಿಮಾನಗಳಲ್ಲಿ ಒಂದು ಎಂಬುದು ಸ್ವಾರಸ್ಯ. ಸೀ ಹ್ಯಾರಿಯರ್ ಮಿಡತೆಯ ಜಾತಿ. ಒಬ್ಬನೇ ಚಾಲಕ, ಒಂದೇ ಎಂಜಿನ್ನು. ಎಂಜಿನ್ನಿನ ಬಿಸಿಗಾಳಿಯ ಕೊಳವೆಗಳನ್ನು ನೆಲದತ್ತ ತಿರುಗಿಸಿ, ಗಾಳಿಯಲ್ಲಿ ನಿಂತು, ಮೆಲ್ಲನೆ ‘ವಿರಾಟ್’ ಹಡಗಿನ ಮೇಲೆ ಇಳಿಯುವ ವಿದ್ಯೆ ಅದಕ್ಕಿತ್ತು.

ವಾದ ಬಿಸಿಯೇರಿದಾಗ ಟುಪೊಲೆವ್‌ನವರು ತಮ್ಮ ಬ್ರಹ್ಮಾಸ್ತ್ರವನ್ನು ತೆಗೆಯುವರು: “ಇಪ್ಪತ್ತೊಂಬತ್ತು ವರ್ಷ, ಒಂದೂ ಅಪಘಾತವಿಲ್ಲ!” ನಿಜವೇ. 2017ರ ಮಾರ್ಚ್ 29ರಂದು ಅರಕ್ಕೋಣದಲ್ಲಿ ಬೀಳ್ಕೊಡುವವರೆಗೂ ಈ ಪಡೆ ಆ ಕೀರ್ತಿಯನ್ನು ಕಾಪಾಡಿಕೊಂಡು ಬಂದಿತು.

ಇಲ್ಲಿ ಎರಡನೆಯವರು ನಕ್ಕು ಸುಮ್ಮನಾಗುವರು. ಏಕೆಂದರೆ ನಮ್ಮ ದೇಶ ಕೊಂಡ ಸೀ ಹ್ಯಾರಿಯರುಗಳಲ್ಲಿ ಅರ್ಧಕ್ಕಿಂತ ಹೆಚ್ಚು, 2016ರಲ್ಲಿ ನಿವೃತ್ತಿಯಾಗುವುದರೊಳಗೆ ಅಪಘಾತಗಳಲ್ಲಿ ನಷ್ಟವಾದವು. ಹಲವು ಚಾಲಕರು ಮರಳಲಿಲ್ಲ. ಮೊದಲನೆಯವರಿಗೂ ಇದು ಗೊತ್ತು. ಅವರು ಮಾತು ಬದಲಿಸುವರು, ಚಹಕ್ಕೆ ಕರೆಯುವರು. ವೈಮಾನಿಕರ ಹಾಸ್ಯಕ್ಕೆ ಇಂಥದೊಂದು ಗಡಿಯಿದೆ. ಆ ಗಡಿಯ ತನಕ ಎಷ್ಟು ಬೇಕಾದರೂ ಚುಚ್ಚಬಹುದು. ಗಡಿ ಬಂದೊಡನೆ ಇಬ್ಬರೂ ಒಟ್ಟಿಗೇ ನಿಲ್ಲುವರು.

ಬೆಂಗಳೂರಿನಲ್ಲಿ ಹುಟ್ಟಿದವು

ಇದೇ ಜಗಳವನ್ನು ಭೂಸೇನೆಯ ಪಕ್ಕದ ಸೋದರರಾದ ವಾಯುದಳದವರ ನಡುವೆ ಕೇಳಬೇಕಾದರೆ ಬೆಂಗಳೂರಿಗೆ ಹೋಗಬೇಕು. 1940ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರಕಾರದ ಬೆಂಬಲದಿಂದಲೂ ಆರಂಭವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಅಲ್ಲಿದೆಯಷ್ಟೆ. ಹಳೆಯ ತಲೆಮಾರಿನ ಚಾಲಕರ ನಲ್ಮೆಯ ವಿಮಾನಗಳಲ್ಲಿ ಅನೇಕವು ಆ ಅಂಗಳದಲ್ಲಿ ಕಣ್ಣು ತೆರೆದವು.

ಮೊದಲನೆಯದು ಎಚ್‌ಟಿ-2. ಡಾಕ್ಟರ್ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಈ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಹಿಂದೊಬ್ಬ, ಮುಂದೊಬ್ಬ, ಹೀಗೆ ಗುರುಶಿಷ್ಯರಿಗೆ ಎರಡು ಪೀಠಗಳು. ನೋಡಲು ಸಾಧು; ನೆಲಕ್ಕಿಳಿದರೆ ತುಂಟ. ಅದರ ಚಿಕ್ಕ ಚಕ್ರ ಬಾಲದ ಕೆಳಗಿತ್ತು, ಭಾರವೆಲ್ಲ ಮುಂದಿನ ದೊಡ್ಡ ಚಕ್ರಗಳ ಹಿಂದೆ. ಇಳಿದು ಓಡುವಾಗ ಚಾಲಕನ ಕಾಲು ಒಂದಿಷ್ಟು ಮೈಮರೆತರೂ ಸಾಕು, ಬಾಲ ತಾನೇ ಮುಂದೆ ಬರುತ್ತೇನೆಂದು ಗಿರ್ರನೆ ತಿರುಗಲು ಹವಣಿಸುತ್ತದೆ. ಅಂಥ ವಿಮಾನದಲ್ಲಿ ಕಲಿತವರು, ಮೂಗಿನ ಕೆಳಗೆ ಚಕ್ರವಿರುವ ವಿಮಾನದಲ್ಲಿ ಕಲಿತ ಕಿರಿಯರನ್ನು ಕಂಡರೆ ಬಿಡುವರೆ? “ನೀವು ಕಲಿತದ್ದು ತ್ರಿಚಕ್ರ ಸೈಕಲ್ಲು” ಎನ್ನುವರು.

ಎರಡನೆಯದು ‘ನ್ಯಾಟ್’. ಇಂಗ್ಲೆಂಡಿನ ವಿನ್ಯಾಸ, ಬೆಂಗಳೂರಿನ ತಯಾರಿ. ಅದರ ರೆಕ್ಕೆಗಳ ಹರವು ಏಳು ಮೀಟರೂ ಇಲ್ಲ. ಕಾರವಾರದ ಟುಪೊಲೆವ್‌ನ ರೆಕ್ಕೆಗಳ ಕೆಳಗೆ ಏಳು ನ್ಯಾಟ್‌ಗಳನ್ನು ಸಾಲಾಗಿ ನಿಲ್ಲಿಸಬಹುದು. ಅದು ಹತ್ತಿ ಕೂರುವ ವಿಮಾನವಲ್ಲ, ಅಂಗಿಯಂತೆ ತೊಟ್ಟುಕೊಳ್ಳುವ ವಿಮಾನ ಎಂಬ ಮಾತಿದೆ. 1965ರ ಯುದ್ಧದಲ್ಲಿ ತನಗಿಂತ ದೊಡ್ಡ ಸೇಬರ್ ಜೆಟ್ಟುಗಳನ್ನು ಉರುಳಿಸಿದ ಮೇಲಂತೂ ನ್ಯಾಟ್‌ನವರ ಬಾಯಿಗೆ ಬೀಗವೇ ಇಲ್ಲವಾಯಿತು.

ಮೂರನೆಯದು ‘ಮಾರುತ’. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳೊಡನೆ ಕೂಡಿ ರಚಿಸಿದ ಜೆಟ್ ಯುದ್ಧವಿಮಾನ. 1961ರ ಜೂನ್ 17ರಂದು ಪರೀಕ್ಷಾ ಚಾಲಕ ಸುರಂಜನ್ ದಾಸ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ಅದರ ಚೆಲುವಿಗೆ ಮನಸೋಲದ ಚಾಲಕನಿಲ್ಲ. ಆದರೆ ಶಬ್ದದ ಎರಡರಷ್ಟು ವೇಗಕ್ಕೆಂದು ಕಟ್ಟಿದ ಮೈಗೆ ತಕ್ಕ ಎಂಜಿನ್ನು ಕಡೆಯ ತನಕ ಸಿಗಲಿಲ್ಲ. ಗೆಳೆಯರಿಗೆ ಇಷ್ಟು ಸಾಲದೆ? “ಅರಬ್ಬೀ ಕುದುರೆಗೆ ಕತ್ತೆಯ ಉಸಿರು” ಎಂದು ನಗುವರು. ಮಾರುತದವರು ಸುಮ್ಮನಿರುವವರಲ್ಲ. 1971ರಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ತಗ್ಗಿನಲ್ಲಿ ಹಾರಿ ಹೊಡೆದದ್ದನ್ನೂ, ಗುಂಡೇಟಿನಿಂದ ಒಂದು ಎಂಜಿನ್ನು ಸತ್ತರೂ ಇನ್ನೊಂದರ ಮೇಲೆ ಮನೆ ಸೇರಿಸಿದ್ದನ್ನೂ ಎತ್ತಿ ಹೇಳುವರು: “ನಿಮ್ಮದು ವೇಗವಾಗಿ ಹೋಗುತ್ತಿತ್ತು, ನಮ್ಮದು ಮರಳಿ ಬರುತ್ತಿತ್ತು.”

ಎಂಜಿನ್ನಿನ ಈ ಹಾಸ್ಯದ ಹಿಂದೆಯೂ ಒಂದು ಗಡಿಯಿದೆ. ಮಾರುತದ ಕೊರತೆಯನ್ನು ನೀಗಲು ಹೆಚ್ಚಿನ ಶಕ್ತಿಯ ಮಾದರಿಯೊಂದನ್ನು ಸಿದ್ಧಪಡಿಸಿದ್ದರು. ಅದನ್ನು ಪರೀಕ್ಷಿಸಲು ಏರಿದವರು ಅದೇ ಸುರಂಜನ್ ದಾಸ್. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಆ ವಿಮಾನ ಬಿದ್ದಿತು, ಅವರು ಅಸುನೀಗಿದರು. ರಾಜಧಾನಿಯ ಪೂರ್ವಭಾಗದಲ್ಲಿ ದಿನವೂ ಸಾವಿರಾರು ಮಂದಿ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡುವರು. ಆ ಹೆಸರು ಯಾರದು, ಏಕೆ ಬಂತು ಎಂದು ತಿಳಿದವರು ಎಷ್ಟು ಮಂದಿ? ಮಾರುತದ ಎಂಜಿನ್ನನ್ನು ಗೇಲಿ ಮಾಡುವ ಮುದುಕರಿಗೆ ಮಾತ್ರ ಅದು ಚೆನ್ನಾಗಿ ಗೊತ್ತು.

ಯಾರೂ ಹೊಗಳದ ವಿಮಾನ

ಈ ಜಗಳದಲ್ಲಿ ಅಷ್ಟಾಗಿ ಯಾರೂ ಪಕ್ಷ ವಹಿಸದ ವಿಮಾನವೊಂದಿದೆ: ಫ್ರಾನ್ಸಿನ ‘ಮಿಸ್ಟೇರ್’. ಅದು ನ್ಯಾಟ್‌ನಷ್ಟು ಚುರುಕೂ ಅಲ್ಲ, ಮಾರುತದಷ್ಟು ಚೆಲುವೂ ಅಲ್ಲ. ಆದರೆ ಅದರ ಮಾತು ಬಂದರೆ ಕೊಡಗಿನ ಹೆಸರೊಂದು ಏಳಲೇಬೇಕು.

1965ರ ಸೆಪ್ಟೆಂಬರ್ 7ರ ಬೆಳಗು. ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆರಗಲು ಹೊರಟ ಹನ್ನೆರಡು ಮಿಸ್ಟೇರ್‌ಗಳ ತಂಡಕ್ಕೆ ಕೊಡವರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಕಾದಿಟ್ಟ ಚಾಲಕರು. ತಂಡದಲ್ಲಿ ಒಂದು ಸ್ಥಾನ ತೆರವಾದುದರಿಂದ ಹೊರಟರು. ಮರಳುವ ದಾರಿಯಲ್ಲಿ ಎದುರಾದುದು ‘ಸ್ಟಾರ್‌ಫೈಟರ್’. ಮಿಸ್ಟೇರಿಗಿಂತ ಸುಮಾರು ಇಮ್ಮಡಿ ವೇಗದ ವಿಮಾನ. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಅವರು ಓಡಲಿಲ್ಲ, ತಿರುಗಿ ಕಾದಿದರು. ಸ್ಟಾರ್‌ಫೈಟರ್ ಉರುಳಿತು, ಅದರ ಚಾಲಕ ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ.

ಸಂಗಡಿಗರಲ್ಲಿ ಯಾರೂ ಈ ಕಾಳಗವನ್ನು ಕಂಡಿರಲಿಲ್ಲ. ಇತ್ತ ಕೊಡಗಿನ ಮನೆಯವರಿಗೆ ಉಳಿದುದು ‘ಬರಲಿಲ್ಲ’ ಎಂಬ ಒಂದೇ ಮಾತು. 1979ರಲ್ಲಿ ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಬರೆದ ಯುದ್ಧದ ಪುಸ್ತಕದಿಂದ, ಆ ದಿನ ಸ್ಟಾರ್‌ಫೈಟರನ್ನು ಕೆಡವಿದುದು ಒಂದು ಮಿಸ್ಟೇರ್ ಎಂಬುದು ಬೆಳಕಿಗೆ ಬಂತು. ಹೊಂದಿಸಿ ನೋಡಿದಾಗ ಅದು ದೇವಯ್ಯನವರಲ್ಲದೆ ಬೇರೆ ಯಾರೂ ಆಗಿರುವುದು ಶಕ್ಯವಿರಲಿಲ್ಲ. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಮಡಿಕೇರಿಯಲ್ಲಿ ಇಂದು ಅವರ ಹೆಸರಿನ ವೃತ್ತವಿದೆ.

ಈ ಕಥೆಯನ್ನು ಕೇಳಿದ ಮೇಲೆ ವೈಮಾನಿಕರ ಹರಟೆಯ ಒಳದನಿ ತಿಳಿಯುತ್ತದೆ. ಒಬ್ಬ ಚಾಲಕ ಕಂಡುದನ್ನು ಇನ್ನೊಬ್ಬನಿಗೆ ಹೇಳದಿದ್ದರೆ, ಆಕಾಶದಲ್ಲಿ ನಡೆದುದು ಆಕಾಶದಲ್ಲೇ ಕರಗಿಹೋಗುತ್ತದೆ. ಅಲ್ಲಿ ಹೆಜ್ಜೆಯ ಗುರುತು ಉಳಿಯುವುದಿಲ್ಲ. ದೇವಯ್ಯನವರ ಸಾಹಸಕ್ಕೆ ಸಾಕ್ಷಿ ಎದುರಾಳಿಯ ಪಕ್ಷದಿಂದ ಬರಬೇಕಾಯಿತು. ‘ನನ್ನ ವಿಮಾನವೇ ಹೆಚ್ಚು’ ಎಂದು ಮೇಜು ಗುದ್ದುವ ವೃದ್ಧರು ಲೋಹದ ಯಂತ್ರವನ್ನು ಹೊಗಳುತ್ತಿರುವರೆಂದು ನಾವು ತಿಳಿಯುವೆವು. ನಿಜಕ್ಕೂ ಅವರು, ಅದರ ಪೀಠದಲ್ಲಿ ಕುಳಿತು ಮರಳಿ ಬಾರದ ಗೆಳೆಯನ ಹೆಸರನ್ನು ನಗೆಯ ಮರೆಯಲ್ಲಿ ಜೀವಂತವಾಗಿಡುತ್ತಿರುವರು.

ಮತ್ತೆ ಕಡಲತೀರಕ್ಕೆ

ಹಾರಾಟಕ್ಕೆ ಬೆಲೆ ತೆರುವವರು ಹಾರುವವರು ಮಾತ್ರವೇ ಅಲ್ಲ ಎಂಬುದನ್ನು ಅಂಕೋಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ‘ಸೀಬರ್ಡ್’ ನೌಕಾನೆಲೆಗೆಂದು ಈ ಕರಾವಳಿಯ ಎಷ್ಟೋ ಊರುಗಳು ಮನೆಮಠ ಬಿಟ್ಟುಕೊಟ್ಟವು. ಅನಂತರ ಅಲಗೇರಿಯ ಸುತ್ತಿನಲ್ಲಿ ನೌಕಾದಳದ ವಿಮಾನನಿಲ್ದಾಣಕ್ಕೆಂದು ಮತ್ತೆ ಹೊಲ ಗದ್ದೆಗಳು ಹೋದವು. ಆ ಓಟದ ಹಾದಿಯಿಂದ ಏಳುವ ವಿಮಾನಗಳ ಮೇಲೆ ಈ ನೆಲಕ್ಕೂ ಒಂದು ಹಕ್ಕಿದೆ. ನಾಳೆ ರಾಮನಗುಳಿಯಂಥ ಊರಿನ ಹುಡುಗನೋ ಹುಡುಗಿಯೋ ಅದರ ಚಾಲಕರಾಗಿ ಕುಳಿತರೆ ಆ ಹಕ್ಕು ಸಾರ್ಥಕವಾದೀತು. ಹುಡುಗಿಯೆ ಎಂದು ಹುಬ್ಬೇರಿಸಬೇಡಿ. ನೌಕಾದಳಕ್ಕೆ 2019ರಲ್ಲಿಯೇ ಮೊದಲ ಮಹಿಳಾ ವಿಮಾನ ಚಾಲಕಿ ಬಂದಾಗಿದೆ.

ಮುಂದಿನ ರಜೆಯಲ್ಲಿ ಮಕ್ಕಳೊಡನೆ ಕಾರವಾರಕ್ಕೆ ಹೋದಾಗ ಟುಪೊಲೆವ್‌ನ ಚಕ್ರದ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಯಾರಾದರೂ ವೃದ್ಧರು ಅದರ ಮೈಯನ್ನು ಸವರುತ್ತಿದ್ದರೆ, ಇದರ ವೇಗವೆಷ್ಟು, ಭಾರವೆಷ್ಟು ಎಂದು ಕೇಳಬೇಡಿ. ಅದನ್ನು ಫಲಕ ಹೇಳುತ್ತದೆ. “ತಾವು ಯಾವುದನ್ನು ಹಾರಿಸುತ್ತಿದ್ದಿರಿ?” ಎಂದು ಕೇಳಿ. ಅವರು ಮೊದಲು ನಗುವರು, ಆಮೇಲೆ ಜಂಬ ಕೊಚ್ಚುವರು. ಕೊಚ್ಚಲಿ. ನಡುವೆ ಎಲ್ಲಿಯೋ ಒಂದು ಕಡೆ ಮಾತು ನಿಂತರೆ, ತುಸು ಕಾಯಿರಿ. ಮಕ್ಕಳಿಗೆ ಕೇಳಿಸಬೇಕಾದ ಕಥೆ ಆ ನಿಂತ ಮಾತಿನ ಆಚೆಗೆ ಇದೆ.