ಅಳೆಯದೆ ಅರ್ಧ ಮಾಡುವ ಕೈವಾರ

ರೇಖಾಗಣಿತದಲ್ಲಿ ‘ರಚನೆ’ ಎಂದರೆ ಎರಡೇ ಉಪಕರಣಗಳಿಂದ ಆಕೃತಿ ಬಿಡಿಸುವುದು: ಗೆರೆಗೆ ನೇರ ಪಟ್ಟಿ, ವೃತ್ತಕ್ಕೆ ಕೈವಾರ. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಕೋನಮಾಪಕ, ಎರಡು ಮೂಲೆಮಟ್ಟ, ಎರಡೂ ಕಾಲಿಗೆ ಮುಳ್ಳಿರುವ ವಿಭಾಜಕ ಎಲ್ಲವೂ ಇರುತ್ತವೆ. ರಚನೆಗೆ ಕೂತಾಗ ಅವು ಬಾಕ್ಸಿನಲ್ಲೇ ಉಳಿಯುತ್ತವೆ. ಪಟ್ಟಿಯ ಮೇಲಿನ ಸೆಂಟಿಮೀಟರ್ ಗುರುತುಗಳೂ ಕೊಟ್ಟ ಅಳತೆಯನ್ನು ಕಾಗದಕ್ಕೆ ಇಳಿಸುವ ತನಕ ಮಾತ್ರ. ಆಮೇಲೆ ಅದು ಬರೀ ನೇರ ಅಂಚು.

ಕೈವಾರ ಇರುವುದು ವೃತ್ತ ಬಿಡಿಸಲು ಎಂದು ಹೆಚ್ಚಿನ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಅದರ ಮುಖ್ಯ ಕೆಲಸ ಒಂದು ದೂರವನ್ನು ಹಿಡಿದಿಟ್ಟುಕೊಂಡು ಬೇರೆಡೆಗೆ ಒಯ್ಯುವುದು. ಮುಳ್ಳಿಗೂ ಪೆನ್ಸಿಲಿನ ಮೊನೆಗೂ ನಡುವಿನ ಅಂತರ ಒಮ್ಮೆ ನಿಂತ ಮೇಲೆ, ಎಳೆದ ಕಂಸದ ಪ್ರತಿಯೊಂದು ಬಿಂದುವೂ ಮುಳ್ಳು ಊರಿದ ಜಾಗದಿಂದ ಅಷ್ಟೇ ದೂರದಲ್ಲಿರುತ್ತದೆ. ಶಾಲೆಯಲ್ಲಿ ಕಲಿಸುವ ಮೊದಲ ರಚನೆಗಳೆಲ್ಲ ಈ ಒಂದು ಗುಣವನ್ನೇ ನೆಚ್ಚಿಕೊಂಡಿವೆ. ಇದು ಮನಸ್ಸಿಗೆ ಹತ್ತಿದ ಮಗು ಹಂತಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೊಟ್ಟಮೊದಲ ಪ್ರಮೇಯವೇ ಒಂದು ರಚನೆ. ‘ಅ’ದಿಂದ ‘ಬ’ವರೆಗೆ ಒಂದು ರೇಖಾಖಂಡ. ಅಷ್ಟೇ ತ್ರಿಜ್ಯದಿಂದ ‘ಅ’ ಕೇಂದ್ರವಾಗಿ ಒಂದು ವೃತ್ತ, ‘ಬ’ ಕೇಂದ್ರವಾಗಿ ಇನ್ನೊಂದು. ಅವು ಕೂಡುವ ಬಿಂದುವನ್ನು ಎರಡೂ ತುದಿಗಳಿಗೆ ಜೋಡಿಸಿದರೆ ಸಮಬಾಹು ತ್ರಿಭುಜ ಸಿದ್ಧ. ಕೋನಮಾಪಕ ಮುಟ್ಟದೆ 60 ಡಿಗ್ರಿಯ ಮೂರು ಕೋನಗಳು ಸಿಕ್ಕಿದವು. ವೃತ್ತದ ತ್ರಿಜ್ಯವನ್ನೇ ಅದರ ಅಂಚಿನ ಸುತ್ತ ಗುರುತಿಸುತ್ತ ಹೋದರೆ ಸರಿಯಾಗಿ 6 ಹೆಜ್ಜೆಗೆ ಹೊರಟಲ್ಲಿಗೇ ಬಂದು ಸೇರುವುದೂ ಇದೇ ಕಾರಣಕ್ಕೆ.

ಇನ್ನು ಲಂಬಾರ್ಧಕ. 8 ಸೆಂ.ಮೀ. ಗೆರೆಯೊಂದನ್ನು ಎಳೆದು, ಕೈವಾರವನ್ನು 5 ಸೆಂ.ಮೀ.ಗೆ ತೆರೆದು, ಒಂದು ತುದಿಯಲ್ಲಿ ಮುಳ್ಳೂರಿ ಗೆರೆಯ ಮೇಲೂ ಕೆಳಗೂ ಕಂಸ ಎಳೆಯಬೇಕು. ಅಂತರ ಕದಲಿಸದೆ ಇನ್ನೊಂದು ತುದಿಯಿಂದಲೂ ಹಾಗೆಯೇ. ಕಂಸಗಳು ಎರಡು ಕಡೆ ಕತ್ತರಿಸುತ್ತವೆ. ಆ ಎರಡು ಬಿಂದುಗಳನ್ನು ಸೇರಿಸುವ ಗೆರೆ 8 ಸೆಂ.ಮೀ. ಗೆರೆಯನ್ನು ಸರಿಯಾಗಿ ನಡುವೆ, 90 ಡಿಗ್ರಿಯಲ್ಲಿ ದಾಟುತ್ತದೆ. ತುದಿಗಳನ್ನೂ ಕತ್ತರಿಸಿದ ಬಿಂದುಗಳನ್ನೂ ಜೋಡಿಸಿದರೆ ನಾಲ್ಕೂ ಬಾಹು 5 ಸೆಂ.ಮೀ. ಇರುವ ವಜ್ರಾಕೃತಿ, ವಜ್ರಾಕೃತಿಯ ಕರ್ಣಗಳು ಒಂದನ್ನೊಂದು ಲಂಬವಾಗಿ ಅರ್ಧಿಸುತ್ತವೆ. ಈಗ ಬೇಕಾದರೆ ಪಟ್ಟಿಯಿಟ್ಟು ನೋಡಬಹುದು: ಕತ್ತರಿಸಿದ ಪ್ರತಿ ಬಿಂದುವೂ ಗೆರೆಯಿಂದ 3 ಸೆಂ.ಮೀ. ದೂರದಲ್ಲಿದೆ. 3, 4, 5. ಮನೆಯ ಪಾಯ ಗುರುತಿಸುವಾಗ ಮೂಲೆ ಮಟ್ಟವಾಗಿದೆಯೇ ಎಂದು ನೋಡಲು ಮೇಸ್ತ್ರಿಗಳು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ನಡುವೆ 5 ಅಡಿ ಬರುತ್ತದೆಯೇ ಎಂದು ಟೇಪು ಹಿಡಿಯುವುದೂ ಇದೇ ತ್ರಿಭುಜ.

ಕೈವಾರವನ್ನು ಅರ್ಧಕ್ಕಿಂತ ಹೆಚ್ಚು ತೆರೆಯಬೇಕೆಂದು ಪುಸ್ತಕಗಳು ಹೇಳುವುದಕ್ಕೂ ಕಾರಣವಿದೆ. 4 ಸೆಂ.ಮೀ. ತೆರೆದರೆ ಕಂಸಗಳು ನಟ್ಟನಡುವೆ ಒಂದೇ ಬಿಂದುವಿನಲ್ಲಿ ತಾಗಿ ಸುಮ್ಮನಾಗುತ್ತವೆ. 3 ತೆರೆದರೆ ತಾಗುವುದೇ ಇಲ್ಲ.

ಈ ರಚನೆ ಕಾಗದಕ್ಕಿಂತ ಮೊದಲು ನೆಲದ ಮೇಲಿತ್ತು. ಯಜ್ಞವೇದಿ ಕಟ್ಟುವ ವಿಧಾನ ಹೇಳುವ ಶುಲ್ಬಸೂತ್ರಗಳಲ್ಲಿ ಗೂಟ, ಹಗ್ಗಗಳೇ ಉಪಕರಣ. ಶುಲ್ಬ ಎಂದರೇ ಹಗ್ಗ. ಕಾತ್ಯಾಯನ ಶುಲ್ಬಸೂತ್ರದ ಪ್ರಕಾರ ನೆಟ್ಟ ಶಂಕುವಿನ ಸುತ್ತ ವೃತ್ತ ಎಳೆದು, ಬೆಳಗ್ಗೆ ಮತ್ತು ಮಧ್ಯಾಹ್ನದ ಮೇಲೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಕಡೆ ಗೂಟ ಹೊಡೆದರೆ ಪೂರ್ವ–ಪಶ್ಚಿಮ ಸಿಗುತ್ತದೆ. ಆಮೇಲೆ ಹಗ್ಗದ ಎರಡು ತುದಿಗಳನ್ನು ಆ ಗೂಟಗಳಿಗೆ ಸಿಕ್ಕಿಸಿ, ಮಧ್ಯವನ್ನು ಹಿಡಿದು ದಕ್ಷಿಣಕ್ಕೊಮ್ಮೆ ಉತ್ತರಕ್ಕೊಮ್ಮೆ ಬಿಗಿಯಾಗಿ ಎಳೆದು ಗುರುತು ಹಾಕುತ್ತಾರೆ. ಉತ್ತರ–ದಕ್ಷಿಣ ಗೆರೆ ಸಿದ್ಧ. ಇದು ಹಗ್ಗದಲ್ಲಿ ಮಾಡಿದ ಲಂಬಾರ್ಧಕವೇ.

ಕೋನವನ್ನು ಅರ್ಧಿಸುವುದೂ ಬೇರೆ ವಿದ್ಯೆಯಲ್ಲ. ಶೃಂಗದಲ್ಲಿ ಮುಳ್ಳೂರಿ ಎರಡೂ ಬಾಹುಗಳನ್ನು ಕತ್ತರಿಸುವ ಕಂಸ. ಕತ್ತರಿಸಿದ ಬಿಂದುಗಳಿಂದ ಸಮ ತ್ರಿಜ್ಯದ ಎರಡು ಕಂಸ. ಅವು ಕೂಡುವಲ್ಲಿಂದ ಶೃಂಗಕ್ಕೆ ಗೆರೆ. ಎರಡು ಬದಿಯ ತ್ರಿಭುಜಗಳ ಮೂರೂ ಬಾಹುಗಳು ಸಮವಾದ್ದರಿಂದ ಅವು ಸರ್ವಸಮ. 60ರಿಂದ 30, 30ರಿಂದ 15, 90ರಿಂದ 45.

ಕೈಯ ಹದವೂ ಮುಖ್ಯ. ಪೆನ್ಸಿಲ್ ಮೊಂಡಾಗಿದ್ದರೆ ಕಂಸಗಳು ಬಿಂದುವಿನ ಬದಲು ಮಸಿಯ ಚುಕ್ಕೆಯಲ್ಲಿ ಕೂಡುತ್ತವೆ, ಗೆರೆ ಎಲ್ಲಿಂದ ಹಾಯಬೇಕೆಂದೇ ತಿಳಿಯುವುದಿಲ್ಲ. ಕೈವಾರದ ಕೀಲು ಸಡಿಲವಿದ್ದರೆ ಎರಡನೆಯ ಕಂಸದ ಹೊತ್ತಿಗೆ ಅಂತರ ಬದಲಾಗಿರುತ್ತದೆ. ಕಾಲುಗಳನ್ನಲ್ಲ, ತಲೆಯ ಹಿಡಿಯನ್ನು ಎರಡು ಬೆರಳಲ್ಲಿ ತಿರುಗಿಸಬೇಕು. ಹಾಳೆಯ ಕೆಳಗೆ ಒಂದು ನೋಟ್‌ಬುಕ್ ಇದ್ದರೆ ಮುಳ್ಳು ಜಾರದು. ಕಂಸಗಳನ್ನು ಅಳಿಸಬಾರದು. ಉತ್ತರ ಹೇಗೆ ಬಂತೆಂಬುದಕ್ಕೆ ಅವೇ ಸಾಕ್ಷಿ.

ಅರ್ಧ ಇಷ್ಟು ಸುಲಭವಾದರೆ ಮೂರನೆಯ ಒಂದು ಭಾಗ ಏಕಾಗದು? ಗೆರೆಯನ್ನು ಮೂರು ಮಾಡಬಹುದು. 90 ಡಿಗ್ರಿಯನ್ನೂ ಮಾಡಬಹುದು, 30 ಹೇಗೂ ಬರುತ್ತದೆ. ಆದರೆ ಯಾವ ಕೋನಕ್ಕೂ ಒಪ್ಪುವ ವಿಧಾನ ಗ್ರೀಕರ ಕಾಲದಿಂದ ಹುಡುಕಿದರೂ ಸಿಗಲಿಲ್ಲ. ಅಂಥದ್ದು ಇರಲಾರದೆಂದು 1837ರಲ್ಲಿ ಫ್ರಾನ್ಸಿನ ಪಿಯೆರ್ ವಾಂಟ್ಸೆಲ್ ಸಾಧಿಸಿದ. 60 ಡಿಗ್ರಿಯನ್ನೇ ಮೂರು ಮಾಡಲಾಗದು. 20 ಡಿಗ್ರಿ ಬೇಕಾದವರು ಕೋನಮಾಪಕವನ್ನೇ ತೆಗೆಯಬೇಕು. ಸಮ ಬಹುಭುಜಗಳಲ್ಲೂ ಇಂಥದೇ ಗಡಿಯಿದೆ: 5 ಮತ್ತು 6 ಬಾಹುಗಳದ್ದು ಬರುತ್ತದೆ, 7 ಬಾಹುಗಳದ್ದು ಬರುವುದಿಲ್ಲ. 17 ಬಾಹುಗಳದ್ದು ಮಾತ್ರ ಬರುತ್ತದೆ ಎಂದು 1796ರಲ್ಲಿ ತೋರಿಸಿದ ಗೌಸ್‌ಗೆ ಆಗ 18 ವರ್ಷ.